ಅಂಚಿಕಡ್ಡಿ ಬೆಳೆಯುವ ಜಾಗ

ರಾಗಿ ಕುಯ್ದು ಗುಪ್ಪೆ ಹಾಕಿದ್ದ ಕಾಲ. ಮಾರ್ಗಶಿರದ ಬೆಳಗು, ಇಬ್ಬನಿ ಆಗತಾನೆ ಆರಿತ್ತು. ನಮ್ಮೂರ ಗೋಮಾಳವನ್ನು ಅಡ್ಡ ದಾಟಿ ಬಂದವನು ದೊಡ್ಡವ್ವನ ಮನೆಯ ಜಗುಲಿಯ ಮೇಲೆ ಕೂತು ಪಂಚೆಗೆ ಚುಚ್ಚಿಕೊಂಡಿದ್ದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ನಾಗಮಂಗಲದ ಕಡೆ ಹುಟ್ಟಿದವರೆಲ್ಲ ಮಾಡಿದ ಕೆಲಸ ಇದು. ಕೀಳುವುದು, ಉಗುರಲ್ಲಿ ಚಿಮ್ಮುವುದು, ಮರೆಯುವುದು. ಐವತ್ತು ವರ್ಷ ನಾನೂ ಹಾಗೇ ಮಾಡಿದ್ದೇನೆ. ಅವತ್ತು ಏಕೋ ಒಂದು ಬೀಜವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದೆ. ಸೂಜಿಯಂತೆ ಸಪೂರ. ಒಂದು ತುದಿ ಚೂಪು, ಅಲ್ಲಿ ಬಿಳಿ ರೋಮದ ಪುಟ್ಟ ಗೊಂಡೆ. ಇನ್ನೊಂದು ತುದಿಯಿಂದ ಮೂರು ಊಬುಗಳು ಹೊರಟು ಮೂರು ದಿಕ್ಕಿಗೆ ಚಾಚಿದ್ದವು. ಪಂಚೆಯ ಮೇಲಿದ್ದ ಮೂವತ್ತು ನಲವತ್ತು ಬೀಜಗಳನ್ನೂ ನೋಡಿದೆ. ಒಂದೊಂದಕ್ಕೂ ಮೂರೇ.

"ಇದ್ಯಾವ ಹುಲ್ಲು ದೊಡ್ಡವ್ವ?"

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಹುಲ್ಲು ಕಣಪ್ಪ. ಹುಲ್ಲಿಗೂ ಎಸ್ರು ಮಡಗ್ತಾರಾ?"

ಮಡಗಿದ್ದಾರೆ, ಆದರೆ ಕೆಲವಕ್ಕೆ ಮಾತ್ರ. ಗಣಪತಿಗೆ ಇಪ್ಪತ್ತೊಂದು ಗರಿಕೆ ಬೇಕು. ಆದ್ದರಿಂದ ಗರಿಕೆಯನ್ನು ನಮ್ಮೂರ ಮಕ್ಕಳೂ ಬಲ್ಲರು. ಗ್ರಹಣದ ದಿನ ನೀರಿನ ಮೇಲೆ ಹಾಕಲು ದರ್ಭೆ ಬೇಕು. ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟದ ಬೆಟ್ಟದ ಮೇಲೆ ಬೆಳೆಯುವ ದರ್ಭೆ ವರಾಹಸ್ವಾಮಿಯ ಮೈಯಿಂದಲೇ ಉದುರಿದ್ದು ಎಂದು ಅಲ್ಲಿನ ಸ್ಥಳಪುರಾಣ ಹೇಳುತ್ತದೆ. ಬೇಸಿಗೆಯ ಮಡಕೆ ನೀರಿಗೆ ಲಾವಂಚದ ಬೇರು. ಹೀಗೆ ದೇವರ ಕೆಲಸಕ್ಕೋ ಬಾಯಾರಿಕೆಗೋ ಬಂದ ಮೂರು ನಾಲ್ಕು ಹುಲ್ಲಿಗೆ ಹೆಸರು ಉಳಿದಿದೆ. ಮಿಕ್ಕದ್ದೆಲ್ಲ ಹುಲ್ಲು. ಪ್ರಪಂಚದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಬಗೆಯ ಹುಲ್ಲುಗಳಿವೆ. ಭತ್ತ, ರಾಗಿ, ಜೋಳ, ಕಬ್ಬು, ಬಿದಿರು ಎಲ್ಲವೂ ಆ ಒಂದೇ ಮನೆತನ. ನಾವು ಮೂರು ಹೊತ್ತೂ ಹುಲ್ಲಿನ ಕಾಳನ್ನೇ ತಿಂದು ಬದುಕಿದವರು. ಆದರೂ ಕಾಲಡಿಯ ಹುಲ್ಲಿನ ಹೆಸರು ಗೊತ್ತಿಲ್ಲವೆಂದರೆ ನನಗೆ ಅವತ್ತು ಸಂಕಟವಾಯಿತು. ಬೀಜವನ್ನು ಒಂದು ಕಾಗದದಲ್ಲಿ ಮಡಚಿ ಜೇಬಿಗಿಟ್ಟುಕೊಂಡೆ.

ನನ್ನ ಹತ್ತಿರ ಒಂದು ಹಳೆಯ ಪುಸ್ತಕವಿದೆ. ಕೊಯಮತ್ತೂರಿನ ಕೃಷಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಕೆ. ರಂಗಾಚಾರಿಯವರು ದಕ್ಷಿಣ ಭಾರತದ ಹುಲ್ಲುಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು. ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ 1921ರಲ್ಲಿ ಅಚ್ಚಾಯಿತು. ಅದರಲ್ಲಿನ ಗೆರೆಚಿತ್ರಗಳು ಬಲು ಚೆಂದ. ಒಂದೊಂದು ಕಿರುತೆನೆಯನ್ನೂ ಬಿಡಿಸಿ, ಹೊಟ್ಟಿನ ಪೊರೆಗಳನ್ನು ಸಾಲಾಗಿ ಜೋಡಿಸಿ ತೋರಿಸಿದ್ದಾರೆ. ಮೂರು ಊಬಿನ ಬೀಜವನ್ನು ಅದರಲ್ಲಿ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆರಿಸ್ಟಿಡಾ ಎಂಬ ಕುಲ. ಲ್ಯಾಟಿನ್ನಿನಲ್ಲಿ 'ಅರಿಸ್ಟಾ' ಎಂದರೆ ಊಬು. ಪ್ರಪಂಚದ ಒಣನಾಡುಗಳಲ್ಲೆಲ್ಲ ಸೇರಿ ಸುಮಾರು ಮುನ್ನೂರು ಬಗೆ; ಕುಲದ ಗುರುತೇ ಆ ಮೂರು ಊಬು. ಕುಲ ಸಿಕ್ಕಿದ್ದು ಸಂತೋಷವೇ. ಆದರೆ ಊರಿಗೆ ಬಂದವನಿಗೆ ಕೇರಿ ಸಿಕ್ಕಿದ ಮಾತ್ರಕ್ಕೆ ಮನೆ ಸಿಕ್ಕಿದಂತಾಗುವುದಿಲ್ಲ. ನಮ್ಮ ಸೀಮೆಯಲ್ಲೇ ಮೂರು ಊಬಿನ ಹುಲ್ಲು ನಾಲ್ಕೈದು ಬಗೆಯವು ಇವೆ. ಬರೀ ಬೀಜ ಹಿಡಿದುಕೊಂಡು ಯಾವುದೆಂದು ಹೇಳುವಂತಿರಲಿಲ್ಲ. ಗಿಡವೇ ಬೇಕು.

ಮಾರನೆಯ ದಿನ ಹೋಗಿ ಮೊದಲು ತಪ್ಪು ಗಿಡವನ್ನೇ ತಂದೆ. ಗೋಮಾಳದ ಅಂಚಿನಲ್ಲಿ, ಹುರುಳಿ ಹೊಲದ ಬದುವಿಗೆ ಹೊಂದಿಕೊಂಡಂತೆ ಗೇಣುದ್ದದ ಹುಲ್ಲು ಹಬ್ಬಿತ್ತು. ತೆನೆ ಮುಟ್ಟಿ ನೋಡಿದರೆ ಮೂರು ಊಬು. ಎರಡು ಬೆರಳಲ್ಲಿ ಹಿಡಿದು ಎಳೆದ ಕೂಡಲೇ ಬೇರುಸಮೇತ ಬಂತು. ಮನೆಗೆ ತಂದು ಪುಸ್ತಕದ ಪಕ್ಕದಲ್ಲಿಟ್ಟು ಓದಿದಾಗ ತಿಳಿಯಿತು, ಇದು ಒಂದು ವರ್ಷದ ಬಾಳಿನದು. ಮಳೆಗೆ ಹುಟ್ಟಿ, ಕಾರ್ತಿಕಕ್ಕೆ ಬೀಜ ಕಟ್ಟಿ, ಸಂಕ್ರಾಂತಿಯ ಹೊತ್ತಿಗೆ ಸಾಯುವ ಹುಲ್ಲು, ಆರಿಸ್ಟಿಡಾ ಅಡ್‌ಸೆನ್ಷಿಯೋನಿಸ್. ನನ್ನ ಪಂಚೆಗೆ ಚುಚ್ಚಿದ್ದು ಇದಲ್ಲ. ಅದು ಮೊಣಕಾಲಿನ ಮೇಲೆ, ತೊಡೆಯ ಹತ್ತಿರ ಚುಚ್ಚಿಕೊಂಡಿತ್ತು. ಗೇಣುದ್ದದ ಹುಲ್ಲು ಅಷ್ಟೆತ್ತರಕ್ಕೆ ಹೇಗೆ ಬಂದೀತು? ಗಿಡ ಗುರುತಿಸುವವನು ಪುಸ್ತಕಕ್ಕಿಂತ ಮೊದಲು ತನ್ನ ಪಂಚೆಯನ್ನು ಸರಿಯಾಗಿ ಓದಿಕೊಳ್ಳಬೇಕು.

ಮೂರನೆಯ ದಿನ ಗುದ್ದಲಿ ಹಿಡಿದು ಹೋದೆ. ಈ ಸಲ ಬದುವಿನ ಕಡೆ ಹೋಗದೆ ಗೋಮಾಳದ ಎತ್ತರದ ಭಾಗಕ್ಕೆ, ಜಲ್ಲಿಗಲ್ಲಿನ ಇಳಿಜಾರಿಗೆ ಹತ್ತಿದೆ. ಅಲ್ಲಿ ಇತ್ತು. ಸೊಂಟದೆತ್ತರ, ಕೆಲವು ಎದೆಯೆತ್ತರ. ಕುಚ್ಚು ಕುಚ್ಚಾಗಿ, ಒಂದು ಕುಚ್ಚಿಗೂ ಇನ್ನೊಂದಕ್ಕೂ ನಡುವೆ ಮೊಳದಷ್ಟು ಕೆಂಪು ನೆಲ ಬಿಟ್ಟು ನಿಂತಿತ್ತು. ಕೈಯಲ್ಲಿ ಎಳೆದೆ, ಅಲುಗಲಿಲ್ಲ. ಎರಡೂ ಕೈಯಲ್ಲಿ ಎಳೆದರೆ ಅಂಗೈ ಕುಯ್ಯಿತೇ ಹೊರತು ಬುಡ ಬಿಡಲಿಲ್ಲ. ಗುದ್ದಲಿಯಲ್ಲಿ ಸುತ್ತ ಕೆದಕಿ ಎಬ್ಬಿಸಿದಾಗ ಕಂಡದ್ದು ಗಟ್ಟಿಯಾದ ಬುಡ. ಅದರ ಸುತ್ತ ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಒಣಗಿ ಕಂದಿದ ಎಲೆಬುಡಗಳು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿದ್ದವು. ಬಹುವಾರ್ಷಿಕ ಹುಲ್ಲನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಒಂದು ಮಳೆಗಾಲದ ಹುಲ್ಲಿಗೆ ಹಳೆಯ ಬಟ್ಟೆ ಇರುವುದಿಲ್ಲ. ವರ್ಷ ವರ್ಷ ಅದೇ ಬುಡದಿಂದ ಚಿಗುರುವುದು ತನ್ನ ಹಳೆಯ ಬಟ್ಟೆಯನ್ನೆಲ್ಲ ಕಾಲಬುಡದಲ್ಲೇ ಇಟ್ಟುಕೊಂಡಿರುತ್ತದೆ.

ಮಿಕ್ಕ ಗುರುತುಗಳನ್ನು ಬಂಡೆಯ ಮೇಲೆ ಕೂತು ಒಂದೊಂದಾಗಿ ನೋಡಿದೆ. ಕಡ್ಡಿ ದುಂಡಗೆ, ನಯವಾಗಿ, ನಡುನಡುವೆ ಗೆಣ್ಣು. ಹುಲ್ಲೋ ಜೇಕೋ ಎಂದು ಅನುಮಾನ ಬಂದರೆ ಕಡ್ಡಿಯನ್ನು ಬೆರಳ ನಡುವೆ ಉರುಳಿಸಬೇಕು. ಜೇಕಿನ ಕಡ್ಡಿಗೆ ಸಾಮಾನ್ಯವಾಗಿ ಮೂರು ಮೂಲೆ, ಗೆಣ್ಣಿಲ್ಲ, ಉರುಳುವುದಿಲ್ಲ. ಇದು ಉರುಳಿತು. ಎಲೆಯನ್ನು ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ಬಗ್ಗಿಸಿದರೆ, ಕಡ್ಡಿಯನ್ನು ಅಪ್ಪಿದ ಒರೆ ಮುಗಿದು ಎಲೆ ಹೊರಳುವ ಸಂದು ಕಾಣುತ್ತದೆ. ಹುಲ್ಲು ಬಲ್ಲವರು ಮೊದಲು ನೋಡುವುದು ಆ ಸಂದನ್ನೇ. ಕೆಲವು ಹುಲ್ಲಿಗೆ ಅಲ್ಲಿ ತೆಳುವಾದ ಪೊರೆ ಇರುತ್ತದೆ; ಇದಕ್ಕೆ ಗಿಡ್ಡ ಕೂದಲಿನ ಒಂದು ಸಾಲು. ಎಲೆ ಉದ್ದ, ಸಪೂರ, ಬಿಸಿಲಿಗೆ ಅಂಚುಗಳನ್ನು ಒಳಕ್ಕೆ ಸುತ್ತಿಕೊಂಡು ನಾರಿನಂತಾಗಿತ್ತು. ನೀರು ಉಳಿಸಲು ಅದು ಮಾಡಿಕೊಂಡ ಉಪಾಯ. ತೆನೆ ಹರಡಿಕೊಳ್ಳದೆ ಒತ್ತಾಗಿ, ಒಂದು ಕಡೆಗೆ ವಾಲಿದ ಕುದುರೆ ಬಾಲದಂತೆ. ಇದರ ಹತ್ತಿರದ ನೆಂಟ ಆರಿಸ್ಟಿಡಾ ಹಿಸ್ಟ್ರಿಕ್ಸ್ ಆಗಿದ್ದರೆ ತೆನೆಯ ಕವಲುಗಳು ಮುಳ್ಳುಹಂದಿಯಂತೆ ಸುತ್ತಲೂ ಸಿಡಿದುಕೊಂಡಿರುತ್ತಿದ್ದವು. ಊಬುಗಳು ನೆಟ್ಟಗೆ, ಒರಟಾಗಿ. ಬುಡದಲ್ಲಿ ಹುರಿ ಹೊಸೆದುಕೊಂಡಿಲ್ಲ. ಎಲ್ಲ ಕೂಡಿಸಿದರೆ ಒಂದೇ ಹೆಸರು ಉಳಿಯುತ್ತದೆ: ಆರಿಸ್ಟಿಡಾ ಸೆಟೇಸಿಯಾ. ಸ್ವೀಡನ್ನಿನ ರೆಟ್ಜಿಯಸ್ ಎಂಬ ವಿದ್ವಾಂಸ 1786ರಲ್ಲಿ ಇಟ್ಟ ಹೆಸರು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲ ಅದು.

ಆ ಕುಚ್ಚನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದೆ. ದೊಡ್ಡವ್ವನಿಗೆ ಲ್ಯಾಟಿನ್ ಹೆಸರು ಹೇಳುವ ಉತ್ಸಾಹ ನನಗೆ. ಅವಳು ಬಾಯಿ ತೆರೆಯಲು ಬಿಡಲಿಲ್ಲ. ಕೈಯಿಂದ ಕುಚ್ಚನ್ನು ತೆಗೆದುಕೊಂಡು, ಒಂದು ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಹೆಬ್ಬೆರಳಲ್ಲಿ ಸವರಿದಳು. ಬಿಲ್ಲಿನಂತೆ ಬಗ್ಗಿಸಿ ಬಿಟ್ಟಳು. ಅದು ಪುಟಿದು ನೆಟ್ಟಗಾಯಿತು.

"ಅಯ್ಯೋ, ಇದು ಅಂಚಿಕಡ್ಡಿ ಅಲ್ವಾ ಮಗ! ಬಾಗ್ಲು ಸಂದೀಲಿ ಮಡೀಕಂಡು ಮೂರ್ ದಿನದಿಂದ ಎಸ್ರು ಕೇಳ್ತಿದ್ದೀಯಲ್ಲ!"

ತಿರುಗಿ ನೋಡಿದೆ. ಕದದ ಹಿಂದೆ ಪೊರಕೆ ನಿಂತಿತ್ತು. ಹೊಗೆಗೆ, ಕೈಬೆವರಿಗೆ ಕಂದು ಬಣ್ಣಕ್ಕೆ ತಿರುಗಿದ, ನಡುವಿಗೆ ಹುರಿ ಬಿಗಿದ ಅಂಚಿಕಡ್ಡಿ ಪೊರಕೆ. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅದೋ ಅದರ ಹಿಂದಿನದೋ ಅದೇ ಜಾಗದಲ್ಲಿ ನಿಂತಿದೆ. ಕೆಲವರು ಹಂಚಿಕಡ್ಡಿ ಎನ್ನುತ್ತಾರೆ, ನಮ್ಮ ಕಡೆಯವರ ಬಾಯಲ್ಲಿ ಹಕಾರ ಬಿದ್ದು ಅಂಚಿಕಡ್ಡಿ. ಪೊರಕೆಯನ್ನು ತಂದು ಕುಚ್ಚಿನ ಪಕ್ಕದಲ್ಲಿಟ್ಟೆ. ಅದೇ ದುಂಡು ಕಡ್ಡಿ, ಅದೇ ನಯ, ಗೆಣ್ಣಿಗೆ ಗೆಣ್ಣು ಹೊಂದುತ್ತಿತ್ತು. ಪೊರಕೆಯ ತುದಿಯ ಒಂದು ಸಂದಿನಲ್ಲಿ ಬಡಿದರೂ ಉದುರದೆ ಉಳಿದ ಒಂದೇ ಒಂದು ಬೀಜ, ಮೂರು ಊಬಿನದು, ಸಿಕ್ಕಿಕೊಂಡಿತ್ತು. ಕೈಯಲ್ಲಿ ಹಿಡಿದು ಮನೆ ಗುಡಿಸಿದ ವಸ್ತುವೂ ಕಾಲಿಗೆ ಚುಚ್ಚಿದ ವಸ್ತುವೂ ಒಂದೇ ಗಿಡ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ದೊಡ್ಡವ್ವನಿಗೂ ಬೀಜದ ಕಡೆಯಿಂದ ಅದು ಗೊತ್ತಿರಲಿಲ್ಲ, ಕಡ್ಡಿಯ ಕಡೆಯಿಂದ ಗೊತ್ತಿತ್ತು. ಪುಸ್ತಕ ತೆನೆಯನ್ನು ಹಿಡಿದು ಹೋಗುತ್ತದೆ, ಹೆಂಗಸರು ಕಡ್ಡಿಯನ್ನು ಹಿಡಿದು ಹೋಗುತ್ತಾರೆ. ಎರಡು ದಾರಿಯೂ ಅವತ್ತು ಜಗುಲಿಯ ಮೇಲೆ ಕೂಡಿದವು.

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ನಾಲ್ಕೈದು ಹೆಂಗಸರು ಕುಡುಗೋಲು ಹಿಡಿದು ಬೆಟ್ಟದ ಬುಡಕ್ಕೆ ಹೋಗುತ್ತಿದ್ದರಂತೆ. ತೀರ ಹಸಿಯಾಗಿರುವಾಗ ಕುಯ್ದರೆ ಕಡ್ಡಿ ಸುರುಟುತ್ತದೆ. ತೀರ ಒಣಗಿದ ಮೇಲೆ ಕುಯ್ದರೆ ಮುರಿಯುತ್ತದೆ. ಹೊನ್ನಿನ ಬಣ್ಣಕ್ಕೆ ತಿರುಗಿ ಬುಡ ಮಾತ್ರ ಹಸಿರಿರುವಾಗ ಕುಯ್ಯಬೇಕು. ಬುಡವನ್ನು ಕೀಳಬಾರದು, ನಾಲ್ಕು ಬೆರಳು ಬಿಟ್ಟು ಕುಯ್ಯಬೇಕು. ಬಂಡೆಯ ಮೇಲೆ ಬಡಿದು ಊಬನ್ನೆಲ್ಲ ಉದುರಿಸಿ, ಎರಡು ದಿನ ಬಿಸಿಲಿಗೆ ಹಾಕಿ, ಕತ್ತಾಳೆ ನಾರಿನಲ್ಲಿ ಬಿಗಿಯುವುದು. ಕೊಟ್ಟಿಗೆಗೆ, ಕಣಕ್ಕೆ ಬೇರೆ, ಅದಕ್ಕೆ ಗಿಡದ ಬರಲು. ಅಂಗಳಕ್ಕೆ ತೆಂಗಿನ ಗರಿಯ ಕಡ್ಡಿ. ಸೆಗಣಿ ಸಾರಿಸಿದ ಒಳಮನೆಗೆ ಮಾತ್ರ ಅಂಚಿಕಡ್ಡಿ, ಏಕೆಂದರೆ ಅದು ನೆಲವನ್ನು ಕೆರೆಯುವುದಿಲ್ಲ, ಒಂದು ರಾಗಿಕಾಳನ್ನೂ ಬಿಡುವುದಿಲ್ಲ. ದೀಪ ಹಚ್ಚಿದ ಮೇಲೆ ಗುಡಿಸಬಾರದು, ಪೊರಕೆ ತುಳಿಯಬಾರದು, ತುಳಿದರೆ ಕಣ್ಣಿಗೊತ್ತಿಕೊಳ್ಳಬೇಕು. ಲಕ್ಷ್ಮಿ ಎನ್ನುತ್ತಾಳೆ ದೊಡ್ಡವ್ವ. ನಾನು ಆ ಮಾತನ್ನು ನಂಬುತ್ತೇನೆ.

ಇದರ ಉಪಯೋಗ ನಮ್ಮವರಿಗಷ್ಟೇ ಗೊತ್ತಿದ್ದದ್ದಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ತೆಲುಗು ಸೀಮೆಯ ಸಾಮರ್ಲಕೋಟೆಯಲ್ಲಿದ್ದು, ಆಮೇಲೆ ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಂಡ ವಿಲಿಯಂ ರಾಕ್ಸ್‌ಬರ್ಗ್ ಈ ಹುಲ್ಲಿನ ಬಗ್ಗೆ ಬರೆದಿದ್ದಾನೆ. ತೆಲುಗರ ಕಾಗದ ಮಾಡುವವರು ಕಾಗದ ಎತ್ತುವ ಚೌಕಟ್ಟನ್ನು ಇದರ ಕಡ್ಡಿಯಲ್ಲೇ ಕಟ್ಟುತ್ತಿದ್ದರಂತೆ. ಪೊರಕೆ, ಹಲ್ಲುಕಡ್ಡಿ ಎರಡಕ್ಕೂ ಇದೇ. ದನ ಮಾತ್ರ ಇದನ್ನು ತಿನ್ನುವುದಿಲ್ಲ ಎಂದೂ ಅವನು ಬರೆದ. ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದನ ತಿನ್ನದ ಹುಲ್ಲು ಗೋಮಾಳದ ತುಂಬ ಏಕೆ ನಿಂತಿದೆ?

ಅದನ್ನು ತಿಳಿಯಲು ಜಾಗವನ್ನು ನೋಡಬೇಕು. ಮಂಡ್ಯ ಜಿಲ್ಲೆ ಎಂದರೆ ಹೊರಗಿನವರಿಗೆ ಕಬ್ಬು, ಭತ್ತ, ನಾಲೆ. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಮದ್ದೂರುಗಳನ್ನು ಹಸಿರು ಮಾಡಿತು. ನಾಗಮಂಗಲ ಎತ್ತರದಲ್ಲಿ ಉಳಿದುಕೊಂಡಿತು. ಎಷ್ಟೋ ವರ್ಷದ ಮೇಲೆ ಹೇಮಾವತಿಯ ನಾಲೆ ಕೆಲವು ಊರುಗಳನ್ನು ಮುಟ್ಟಿತಾದರೂ ತಾಲ್ಲೂಕು ಇವತ್ತಿಗೂ ರಾಗಿ ಹುರುಳಿ ತೆಂಗಿನದೇ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಕೆಂಪು ಗರಸು ಮಣ್ಣು, ಅದರ ಕೆಳಗೆ ಬಂಡೆ. ಕೋಟೆಬೆಟ್ಟದ ಮೇಲೆ ನಿಂತು ನೋಡಿದರೆ ಸುತ್ತ ಕಾಣುವುದು ಗುಡ್ಡ, ಗುಡ್ಡದ ಬುಡದಲ್ಲಿ ಕೆರೆ, ನಡುವೆ ಹೊಲ. ಈ ಒಣ ನೆಲದಲ್ಲೇ ಲೋಕಪಾವನಿ ಹುಟ್ಟಿ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ.

ಗುಡ್ಡದ ನೆತ್ತಿಯಿಂದ ಕೆರೆಯವರೆಗೆ ಒಂದು ದಿನ ಹುಲ್ಲು ನೋಡಿಕೊಂಡೇ ಇಳಿದೆ. ಯಾರಾದರೂ ಮಾಡಬಹುದಾದ ಪ್ರಯಾಣ, ಒಂದು ಮೈಲಿಯೂ ಇಲ್ಲ. ಬಂಡೆಯ ಸಂದಿನ ಹಿಡಿಮಣ್ಣಿನಲ್ಲಿ ಬೆರಳುದ್ದದ ಹುಲ್ಲು, ಮಳೆ ನಿಂತ ವಾರಕ್ಕೆ ಒಣಗಿದ್ದು. ಬಂಡೆ ಮುಗಿದು ಜಲ್ಲಿ ಶುರುವಾಗುವಲ್ಲಿ ಅಂಚಿಕಡ್ಡಿ. ನೀರು ನಿಲ್ಲದ, ನೆರಳಿಲ್ಲದ, ಉಳದ ಜಾಗ ಅದರದು. ಅದರ ಜೊತೆಗೇ, ಸ್ವಲ್ಪ ಮಣ್ಣು ಜಾಸ್ತಿ ಇರುವಲ್ಲಿ, ನಾವು ಊಬಿನ ಹುಲ್ಲು ಎನ್ನುತ್ತಿದ್ದ ಹೆಟೆರೋಪೋಗಾನ್. ಅದರ ಕಪ್ಪು ಊಬುಗಳು ತುದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಜಡೆಯಾಗುತ್ತವೆ. ಹುಡುಗರಾಗಿದ್ದಾಗ ಆ ಊಬನ್ನು ನಾಲಿಗೆಗೆ ತಾಗಿಸಿ ಅಂಗೈ ಮೇಲಿಡುತ್ತಿದ್ದೆವು. ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು. ಒಣಗಿದಾಗ ಹುರಿಗೊಂಡ ಊಬು ತೇವಕ್ಕೆ ಬಿಚ್ಚಿಕೊಳ್ಳುತ್ತದೆ, ಮತ್ತೆ ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಇಬ್ಬನಿಗೂ ಬಿಸಿಲಿಗೂ ಹೀಗೆ ತಿರುಗಿ ತಿರುಗಿ ಬೀಜ ತಾನೇ ತನ್ನನ್ನು ನೆಲಕ್ಕೆ ಕೊರೆದುಕೊಳ್ಳುತ್ತದೆ. ಅಂಚಿಕಡ್ಡಿಯ ಊಬಿಗೆ ಆ ತಿರುಗುವ ವಿದ್ಯೆ ಇಲ್ಲ. ಅದು ಮೂರು ಊಬನ್ನು ಚಾಚಿ ಗಾಳಿಗೆ ಉರುಳಿಕೊಂಡು ಹೋಗಿ, ಜಲ್ಲಿಯ ಸಂದಿನಲ್ಲಿ ಚೂಪು ತುದಿಯನ್ನು ಕೆಳಗೆ ಮಾಡಿ ನಿಲ್ಲುತ್ತದೆ. ನಿಂತಲ್ಲಿ ಮೊಳೆಯುತ್ತದೆ. ಅಥವಾ ಇರುವೆ ಹೊತ್ತೊಯ್ಯುತ್ತದೆ. ಕಾಳು ಕೂಡಿಡುವ ಇರುವೆಗಳ ಗೂಡಿನ ಬಾಯಿಯ ಸುತ್ತ ತೂರಿದ ಹೊಟ್ಟಿನಂತೆ ಊಬುಗಳ ಬಳೆ ಬಿದ್ದಿದ್ದನ್ನು ಅವತ್ತು ಎರಡು ಕಡೆ ಕಂಡೆ.

ಇನ್ನೂ ಕೆಳಗೆ ಇಳಿದರೆ ತಂಗಡಿ, ಬಂದರೆ, ಕಾರೆಮುಳ್ಳಿನ ಪೊದೆಗಳು. ಆ ಮುಳ್ಳಿನ ಒಳಗೆ ಇಣುಕಿದಾಗ ನನಗೆ ನಿಜವಾದ ಆಶ್ಚರ್ಯ ಕಾದಿತ್ತು. ಅಲ್ಲಿ ಬೇರೆ ಹುಲ್ಲಿತ್ತು. ಕಡ್ಡಿಯ ತುದಿಯಲ್ಲಿ ಒಂಟಿ ತೆನೆ. ಕೆರೆ ಏರಿಯ ಹತ್ತಿರದ ಬೇಲಿಯೊಳಗೆ ಇನ್ನೊಂದು, ಗೆಣ್ಣಿನ ಸುತ್ತ ಬಿಳಿ ಕೂದಲಿನ ಬಳೆ ತೊಟ್ಟದ್ದು, ತೆನೆ ನೇರಳೆ ಬಣ್ಣದ್ದು. ಮೊದಲನೆಯದು ಸೆಹಿಮಾ, ಎರಡನೆಯದು ಡೈಕ್ಯಾಂಥಿಯಮ್. ಭಾರತದ ಹುಲ್ಲುನೆಲಗಳನ್ನೆಲ್ಲ ಸುತ್ತಿ ದಬಡಘಾವ್ ಮತ್ತು ಶಂಕರನಾರಾಯಣ್ ಎಂಬ ಇಬ್ಬರು ವಿಜ್ಞಾನಿಗಳು 1973ರಲ್ಲಿ ಒಂದು ದೊಡ್ಡ ಗ್ರಂಥ ತಂದರು. ದೇಶದ ಹುಲ್ಲುಹೊದಿಕೆಯನ್ನು ಅವರು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಮ್ಮ ದಖನ್ ಸೀಮೆಯದಕ್ಕೆ ಇಟ್ಟ ಹೆಸರೇ ಸೆಹಿಮಾ–ಡೈಕ್ಯಾಂಥಿಯಮ್. ಅಂದರೆ ಮುಳ್ಳಿನ ಮರೆಯಲ್ಲಿ ಅಡಗಿದ್ದ ಈ ಎರಡು ಹುಲ್ಲುಗಳೇ ಈ ನೆಲದ ಹಳೆಯ ಒಕ್ಕಲು. ದನಕ್ಕೆ ಇವೆಂದರೆ ಪ್ರಾಣ. ಮೇಯುವುದು ಮಿತಿಮೀರಿದಾಗ ಮೊದಲು ಇವು ಹೋಗುತ್ತವೆ, ಆ ಜಾಗಕ್ಕೆ ಊಬಿನ ಹುಲ್ಲು ಬರುತ್ತದೆ. ಅದನ್ನೂ ಮೇಯ್ದು, ತುಳಿದು, ಮಣ್ಣು ಕೊಚ್ಚಿಹೋದ ಮೇಲೆ ಬರುವುದು ಮೂರು ಊಬಿನ ಆರಿಸ್ಟಿಡಾ. ಅಂಚಿಕಡ್ಡಿ ತುಂಬಿದ ನೆಲ ಬಹಳ ಮೇಯ್ದ ನೆಲ ಎಂದು ಹುಲ್ಲಿನ ವಿಜ್ಞಾನ ಹೇಳುತ್ತದೆ.

ಇದನ್ನು ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರ ಹತ್ತಿರ ಹೇಳಿದೆ. ಅವರು ಕಂಬಳಿ ಹೆಗಲಿಗೇರಿಸಿಕೊಂಡು ಗುಡ್ಡದ ಕಡೆ ನೋಡಿದರು. "ದನ ತಿನ್ನಕಿಲ್ಲ ಅಂತ ಯಾರಂದ್ರಣ್ಣ? ಕೃತ್ತಿಕೆ ಮಳೆ ಬಿದ್ದು ಎಳೇ ಚಿಗುರು ಬಂದಾಗ ಮೇಯ್ತವೆ. ಬಲ್ತ ಮೇಲೆ ಮೂಸಕಿಲ್ಲ. ಊಬು ಬಂದ್ಮೇಲೆ ಕುರಿ ಆ ಕಡೆ ಓಗ್ಬಾರ್ದು, ಕಣ್ಗೋಯ್ತದೆ, ಉಣ್ಣೇಗೆ ಸಿಕ್ಕಂಡು ಚರ್ಮಕ್ಕಿಳೀತದೆ." ರಾಕ್ಸ್‌ಬರ್ಗನ ಮಾತಿಗೆ ಹೀಗೆ ಇನ್ನೂರು ವರ್ಷದ ಮೇಲೆ ನಾಗಮಂಗಲದ ಗುಡ್ಡದಲ್ಲಿ ಒಂದು ತಿದ್ದುಪಡಿ ಸಿಕ್ಕಿತು. ಅವರು ಇನ್ನೊಂದು ಮಾತನ್ನೂ ಸೇರಿಸಿದರು. "ಬರಗಾಲ್ದಲ್ಲಿ ಎಲ್ಲಾ ವೋದ್ರೂ ಇದೊಂದು ನಿಂತಿರ್ತದೆ. ಇದ್ರ ಬುಡ್ದಲ್ಲೇ ಮಣ್ಣು ನಿಲ್ಲದು."

ಆ ಮಾತು ಸತ್ಯ. ನಾನೇ ನೋಡಿದೆ. ಇಳಿಜಾರಿನಲ್ಲಿ ಕುಚ್ಚುಕುಚ್ಚಿನ ಮೇಲ್ಗಡೆಗೆ ಒಂದೊಂದು ಬೊಗಸೆ ಮಣ್ಣು ಕಟ್ಟಿಕೊಂಡಿತ್ತು, ಪುಟ್ಟ ಬದು ಹಾಕಿದಂತೆ. ಆ ಬೊಗಸೆ ಮಣ್ಣಿನಲ್ಲಿ ಗರಿಕೆಯ ಎಳೆ ಕಾಲೂರಿತ್ತು. ಅಂಚಿಕಡ್ಡಿಯನ್ನು ಹಾಳಾದ ನೆಲದ ಗುರುತು ಎಂದು ಬರೆದು ಮುಗಿಸುವುದು ಅರ್ಧ ಮಾತು. ಎಲ್ಲರೂ ಬಿಟ್ಟುಹೋದ ನೆಲವನ್ನು ಹಿಡಿದುಕೊಂಡಿರುವ ಹುಲ್ಲು ಅದು. ಅದು ಹಿಡಿದುಕೊಂಡಿರುವುದರಿಂದಲೇ ಹಳೆಯ ಒಕ್ಕಲು ವಾಪಸು ಬರಲು ಒಂದಿಷ್ಟು ಮಣ್ಣು ಉಳಿದಿದೆ. ಮುಳ್ಳಿನೊಳಗೆ ಬೀಜ ಉಂಟು, ಅಂಚಿಕಡ್ಡಿಯ ಬುಡದಲ್ಲಿ ಮಣ್ಣು ಉಂಟು. ನಡುವೆ ಬೇಕಾದದ್ದು ಎರಡು ಮೂರು ಮಳೆಗಾಲದ ಬಿಡುವು ಮಾತ್ರ.

ಆ ಬಿಡುವೇ ಈಗ ಇಲ್ಲ. ಊರಿನವರ ಬಾಯಲ್ಲಿ, ಕಚೇರಿಯವರ ಬಾಯಲ್ಲಿ ಈ ನೆಲಕ್ಕೆ ಈಗ ಒಂದೇ ಹೆಸರು, ಪಾಳು. ಪಾಳು ಎಂದಮೇಲೆ ಏನಾದರೂ ಮಾಡಲೇಬೇಕಲ್ಲ. ಒಂದು ಮೂಲೆಗೆ ಕಸ ಬರುತ್ತದೆ, ಇನ್ನೊಂದು ಮೂಲೆಯಿಂದ ಜೆಸಿಬಿ ಗರಸು ಹೊರುತ್ತದೆ. ನಮ್ಮ ಸುತ್ತಿನ ಎಷ್ಟೋ ಗುಡ್ಡಗಳಿಗೆ ಹಿಂದೆ ನೀಲಗಿರಿ ಹಾಕಿದರು. ನೀಲಗಿರಿಯ ಬುಡದಲ್ಲಿ ಹುಲ್ಲು ಏಳಲಿಲ್ಲ, ಬಾವಿಗಳ ನೀರು ಇಳಿಯಿತೆಂದು ಜನ ದೂರಿದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ಬೇರೆ ಸಸಿ ನೆಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ನೆಡುತ್ತಾರೆ. ಮರ ನೆಡುವುದು ಪುಣ್ಯದ ಕೆಲಸ ಎಂದು ನಾನೂ ನಂಬಿದವನು. ಆದರೆ ಹುಲ್ಲಿನ ಜಾಗದಲ್ಲಿ ಗುಂಡಿ ತೋಡಿ ಸಾಲಾಗಿ ಮರ ನೆಟ್ಟರೆ ಅದು ಒಂದು ಮನೆ ಒಕ್ಕಲೆಬ್ಬಿಸಿ ಇನ್ನೊಬ್ಬರಿಗೆ ಕೊಟ್ಟಂತೆ. ಗುಂಡಿ ತೋಡುವ ಮೊದಲು ಅಲ್ಲಿ ಯಾರಿದ್ದಾರೆ ಎಂದಾದರೂ ನೋಡಬೇಕು.

ಕಾನೂನು ನೋಡಿದರೆ ಈ ನೆಲ ಪಾಳು ಅಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೆಯದು, ಪ್ರತಿ ಗ್ರಾಮದಲ್ಲೂ ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಸರ್ಕಾರಿ ಜಮೀನನ್ನು ಉಚಿತ ಮೇವಿಗೆ ತೆಗೆದಿಡಬೇಕು ಎನ್ನುತ್ತದೆ. ನೂರು ರಾಸಿಗೆ ಸುಮಾರು ಮೂವತ್ತು ಎಕರೆ. ಹಳ್ಳಿಕಾರ್ ತಳಿ ಸಾಕಿದ ಸೀಮೆ ನಮ್ಮದು. ಆ ಎತ್ತುಗಳು ಮೇಯ್ದು ಬೆಳೆದದ್ದು ಈ ಒಣ ಹುಲ್ಲಿನ ನೆಲದಲ್ಲೇ. ನಮ್ಮ ತಾಲ್ಲೂಕಿನಲ್ಲೇ ಆದಿಚುಂಚನಗಿರಿಯ ಗುಡ್ಡವನ್ನು 1981ರಲ್ಲಿ ನವಿಲುಧಾಮವೆಂದು ಘೋಷಿಸಿದರು, ಸುಮಾರು 88 ಹೆಕ್ಟೇರು. ಪಕ್ಕದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕುರುಚಲು ಕಾಡು 1974ರಿಂದ ವನ್ಯಧಾಮ; ಅದು ತೋಳಗಳಿಗೆ ಹೆಸರಾದದ್ದು. ನವಿಲಿಗೂ ತೋಳಕ್ಕೂ ಹೀಗೆ ಜಾಗ ಕೊಟ್ಟಿದ್ದೇವೆ. ಗೌಜಲಕ್ಕಿ ಮೊಟ್ಟೆಯಿಡುವುದು, ಮೊಲ ಅಡಗುವುದು ಅಂಚಿಕಡ್ಡಿಯ ಕುಚ್ಚಿನ ಬುಡದಲ್ಲಿ. ಅದಕ್ಕೆ ಧಾಮ ಬೇಡ, ಗೋಮಾಳ ಗೋಮಾಳವಾಗಿ ಉಳಿದರೆ ಸಾಕು.

ಹುಲ್ಲನ್ನು ಹೆಸರಿಟ್ಟು ತಿಳಿದುಕೊಂಡವರು ನಮ್ಮಲ್ಲಿ ಇಲ್ಲದೆ ಇಲ್ಲ. ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಹಾಸನ ಜಿಲ್ಲೆಯ ಸಸ್ಯಗಳನ್ನೆಲ್ಲ ಪಾದ್ರಿ ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಗುಂಪು ಕಟ್ಟಿಕೊಂಡು ಸುತ್ತಿ 1976ರಲ್ಲಿ ಗ್ರಂಥ ಮಾಡಿದರು. ಗಿಡ ಹುಡುಕಿಕೊಂಡು ಹೋಗುವ ಸುಖವನ್ನು ಕನ್ನಡಿಗರಿಗೆ ಉಣಿಸಿದವರು ಬಿ.ಜಿ.ಎಲ್. ಸ್ವಾಮಿ, ಅವರ 'ಹಸುರು ಹೊನ್ನು' ಓದಿ ಸಸ್ಯಶಾಸ್ತ್ರಕ್ಕೆ ಸೇರಿದವರನ್ನು ನಾನು ಬಲ್ಲೆ. ಅದು ಮಲೆನಾಡಿನ, ಘಟ್ಟದ ಗಿಡಗಳ ಕಥೆ. ಬಯಲುಸೀಮೆಯ ಹುಲ್ಲಿಗೆ ಅಂಥ ಒಂದು ಕನ್ನಡ ಪುಸ್ತಕ ಬೇಕು ಎಂದು ಆಸೆಪಡುತ್ತೇನೆ. ಅದನ್ನು ಬರೆಯುವವರು ದೊಡ್ಡವ್ವನಂಥ ನಾಲ್ಕು ಜನರ ಜೊತೆ ಗುಡ್ಡ ಹತ್ತಬೇಕು. ಹೆಸರುಗಳು ಇನ್ನೂ ಅವರ ಬಾಯಲ್ಲಿವೆ, ಪೊರಕೆ ಹೋದರೆ ಅವೂ ಹೋಗುತ್ತವೆ.

ಪೊರಕೆ ಹೋಗುತ್ತಲೇ ಇದೆ. ನಾಗಮಂಗಲದ ಸಂತೆಯಲ್ಲಿ ವಿಚಾರಿಸಿದೆ. ಮೆತ್ತನೆಯ ಹುಲ್ಲು ಪೊರಕೆ ರಾಶಿ ಬಿದ್ದಿತ್ತು, ಅದು ಮೇಘಾಲಯ, ಅಸ್ಸಾಂ ಕಡೆಯಿಂದ ಬರುವುದು, ಬೇರೆಯದೇ ಹುಲ್ಲಿನ ಹೂತೆನೆ. ಟೈಲ್ಸ್ ನೆಲಕ್ಕೆ ಅದು ಒಳ್ಳೆಯದಂತೆ. ಪ್ಲಾಸ್ಟಿಕ್ಕಿನವು ಬೇರೆ. ಅಂಚಿಕಡ್ಡಿ ಕೇಳಿದ್ದಕ್ಕೆ ಒಬ್ಬಾಕೆ ಚೀಲದ ತಳದಿಂದ ಎರಡು ತೆಗೆದುಕೊಟ್ಟಳು. ಯಾವ ಗುಡ್ಡದ್ದು ಎಂದು ಕೇಳಿದೆ. ಕೈ ಎತ್ತಿ ತೋರಿಸಿದಳು. ಗುಡ್ಡ ಸಂತೆಯಿಂದಲೇ ಕಾಣುತ್ತಿತ್ತು.

ಓದುತ್ತಿರುವ ನೀವು ಬಯಲುಸೀಮೆಯವರಾದರೆ ಒಂದು ಕೆಲಸ ಮಾಡಿ. ಈ ಮಾರ್ಗಶಿರದಲ್ಲಿ ನಿಮ್ಮೂರ ಗೋಮಾಳವನ್ನು ಒಮ್ಮೆ ಅಡ್ಡ ದಾಟಿ ಬಂದು, ಬಟ್ಟೆಗೆ ಚುಚ್ಚಿಕೊಂಡ ಬೀಜಗಳನ್ನು ಒಂದು ಬಿಳಿ ಕಾಗದದ ಮೇಲೆ ಹರಡಿ. ಮೂರು ಊಬಿನವು ಎಷ್ಟು, ಕಪ್ಪು ಜಡೆಯವು ಎಷ್ಟು, ಊಬೇ ಇಲ್ಲದವು ಎಷ್ಟು ಎಣಿಸಿ. ಎಣಿಸಿದ್ದನ್ನು ಮನೆಯ ಹಿರಿಯ ಹೆಂಗಸೊಬ್ಬರ ಮುಂದಿಟ್ಟು ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಗೋಮಾಳದ ಮಾತು ಬಂದಾಗ ಆ ಚೀಟಿಯನ್ನು ಓದಿ ಹೇಳಿ.